ಅಪ್ಪ ಅಮ್ಮ ಇಲ್ಲದ ಮನೆಯ ಮೂವರು ಮಕ್ಕಳು: ನನ್ನ ಕಾದಂಬರಿಯ ಅಕ್ಕ ಎಲ್ಲಿ ಅಳಬೇಕು?

ಕೊಟ್ಟಿಗೆಹಾರದವಳು

ಮೂರು ವರ್ಷದಿಂದ ಒಂದು ಕಾದಂಬರಿ ಬರೀತಿದ್ದೀನಿ. ಮೊದಲ ಅಧ್ಯಾಯಗಳನ್ನು ಇಲ್ಲಿ ಹಾಕಿದ್ದೆ, ನಿಮ್ಮಲ್ಲಿ ಕೆಲವರು ಓದಿದ್ದೀರಿ. ಓದದವರಿಗೆ ಚಿಕ್ಕದಾಗಿ ಹೇಳ್ತೀನಿ. ಮೂಡಿಗೆರೆ ಕಡೆಯ ಐದೆಕರೆ ಕಾಫಿ ತೋಟ, ಹೆಂಚಿನ ಮನೆ, ಮೂವರು ಮಕ್ಕಳು, ಅಪ್ಪನ ತಾಯಿ ಅಜ್ಜಿ. 2019ರ ಆಗಸ್ಟ್ ಮಳೆಯಲ್ಲಿ ಮರ ಬಿದ್ದು ಅಪ್ಪ ಹೋಗ್ತಾರೆ. 2021ರ ಮೇ ತಿಂಗಳಲ್ಲಿ ಕೊರೊನಾದಿಂದ ಅಮ್ಮ. ಆಗ ಅಕ್ಕನಿಗೆ 19, ನಡುವಿನವನಿಗೆ 15, ಚಿಕ್ಕವಳಿಗೆ 9. ಮೂವರಿಗೂ ಇನ್ನೂ ಹೆಸರಿಟ್ಟಿಲ್ಲ. ಹೆಸರಿಟ್ಟ ತಕ್ಷಣ ಅವರು ನಮ್ಮ ಮನೆಯವರಾಗಿ ಉಳಿಯಲ್ಲವೇನೋ ಅನ್ನೋ ಭಯ.

ಯಾಕಂದ್ರೆ ಇದು ನಮ್ಮ ದೊಡ್ಡಮ್ಮನ ಬದುಕಿನಿಂದ ಹುಟ್ಟಿದ್ದು. ಕಾಲ ಮಾತ್ರ ಬದಲಾಯಿಸಿದ್ದೀನಿ. ತಾತ ಅಜ್ಜಿ ಒಂದೂವರೆ ವರ್ಷದ ಅಂತರದಲ್ಲಿ ತೀರಿಕೊಂಡಾಗ ದೊಡ್ಡಮ್ಮನಿಗೆ ಇಪ್ಪತ್ತೂ ತುಂಬಿರಲಿಲ್ಲ. ನಮ್ಮಮ್ಮನನ್ನೂ ಸೋದರಮಾವನನ್ನೂ ಬೆಳೆಸಿದ್ದು ಅವರೇ. ಎರಡು ವರ್ಷದ ಹಿಂದೆ ದೊಡ್ಡಮ್ಮ ಹೋದರು. ಆ ದಿನಗಳ ಬಗ್ಗೆ ಒಂದೇ ಒಂದು ಸಲವೂ ನಾನು ಅವರನ್ನು ಕೇಳಲಿಲ್ಲ. ಕೇಳೋಕೆ ನಲವತ್ತು ವರ್ಷ ಇತ್ತು ನನಗೆ.

ಈಗ ಸಿಕ್ಕಿಹಾಕಿಕೊಂಡಿರೋದು ಹನ್ನೆರಡನೇ ಅಧ್ಯಾಯದಲ್ಲಿ. ಅಮ್ಮ ಹೋಗಿ ವರ್ಷ ತುಂಬಿದ ದಿನ, ಅಲ್ಲಿಯವರೆಗೆ ಅಳದೇ ಇದ್ದ ಅಕ್ಕ ಖಾಲಿ ಕಣದಲ್ಲಿ ಒಬ್ಬಳೇ ಕೂತು ಅಳ್ತಾಳೆ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಸುಳ್ಳು ಅನ್ನಿಸಿತು. ಅವಳು ಅಳಲಿ ಅಂತ ನಾನು ಕಾಯ್ತಿದ್ದೀನಿ, ಅವಳು ನನ್ನ ಮುಖ ನೋಡ್ಕೊಂಡು ಸುಮ್ನೆ ಕೂತಿದ್ದಾಳೆ ಅನ್ನೋ ಹಾಗಿದೆ.

ಇಂಥ ಮನೆಯಲ್ಲಿ ಬೆಳೆದವರು ಇಲ್ಲಿ ಇದ್ದೀರಿ ಅಂತ ನನಗೆ ಗೊತ್ತು. ಹೇಳೋಕೆ ಮನಸ್ಸಿದ್ದರೆ ಹೇಳಿ. ಅಳು ಯಾವಾಗ ಬಂತು?

ಕಣದ ಕಾವಲು

ಅಳುವಿನ ವಿಷಯ ಆಮೇಲೆ. ಮೊದಲು ತೋಟದ ಮಾತು ಆಡಿಬಿಡ್ತೀನಿ ತಾಯಿ, ಬೇಜಾರು ಮಾಡ್ಕೋಬೇಡಿ. ಬಾಳೂರು ಕಡೆ ಮೂವತ್ತು ವರ್ಷದಿಂದ ತೋಟ ಮಾಡ್ತಿದ್ದೀನಿ.

ಒಂಬತ್ತನೇ ಅಧ್ಯಾಯದಲ್ಲಿ ಅಕ್ಕ ಒಬ್ಬಳೇ ನಿಂತು ಮೊದಲ ಕೊಯ್ಲು ಮುಗಿಸ್ತಾಳೆ, ಬಿಸಿಲು ಚೆನ್ನಾಗಿದೆ, ಹಣ್ಣು ಕಣದಲ್ಲಿ ಗಲಗಲ ಒಣಗ್ತಿದೆ ಅಂತ ಬರೆದಿದ್ದೀರಿ. ಆ ವರ್ಷ ಯಾವುದು? 2021. ಆ ನವೆಂಬರ್ ನೆನಪಿದೆಯಾ? ಅಕಾಲದ ಮಳೆ ಹಿಡಿದಿದ್ದು ಬಿಡಲೇ ಇಲ್ಲ. ಅರೇಬಿಕಾ ಕಾಫಿ ಹಣ್ಣು ಗಿಡದಲ್ಲೇ ಒಡೆದು ನೆಲಕ್ಕೆ ಬಿತ್ತು. ಕೊಯ್ದಿದ್ದನ್ನು ಕಣದಲ್ಲಿ ಹರಡೋ ಹಾಗಿಲ್ಲ, ಗುಡ್ಡೆ ಹಾಕಿದರೆ ಬಿಸಿಯಾಗಿ ಬೂಷ್ಟು ಬರುತ್ತೆ. ರಾತ್ರಿಯೆಲ್ಲ ಟಾರ್ಪಾಲು ಎಳೆಯೋದು, ಬೆಳಗ್ಗೆ ಒಂದು ಗಂಟೆ ಬಿಸಿಲು ಕಂಡರೆ ತೆಗೆಯೋದು. ನಮ್ಮಂಥ ಹಳಬರೇ ಆ ವರ್ಷ ತಲೆ ಮೇಲೆ ಕೈ ಹೊತ್ತು ಕೂತಿದ್ವಿ. ಹತ್ತೊಂಬತ್ತರ ಹುಡುಗಿಗೆ ನೀವು ಬಿಸಿಲು ಕೊಟ್ಟಿದ್ದೀರಿ. ಅವಳಿಗೆ ಬಿಸಿಲು ಸಿಕ್ಕಿರಲಿಲ್ಲ.

ಇನ್ನೊಂದು. ಹೂಮಳೆ ಬಂದ ಮರುದಿನವೇ ತೋಟ ಬೆಳ್ಳಗಾಯ್ತು ಅಂತ ಇದೆ. ಹಾಗಾಗಲ್ಲ. ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಒಂದು ಇಂಚು ಮಳೆ ಬಿದ್ದ ಮೇಲೆ ಎಂಟೊಂಬತ್ತು ದಿನ ಬೇಕು ಮೊಗ್ಗು ಅರಳೋಕೆ. ಆ ಎಂಟೊಂಬತ್ತು ದಿನ ತೋಟದ ಮನೆಯವರು ಆಕಾಶ ನೋಡ್ಕೊಂಡೇ ಇರ್ತಾರೆ, ಅರಳಿದ ದಿನ ಮತ್ತೆ ಮಳೆ ಬಂದರೆ ಹೂ ಕೊಳೆಯುತ್ತೆ ಅಂತ. ಅರಳಿ ಒಣಗಿದ ಮೇಲೆ ಮತ್ತೆ ಎರಡು ಮೂರು ವಾರದೊಳಗೆ ಹಿಂಬಾಲು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಕಚ್ಚಲ್ಲ. ಬರೀ ಹೂ ನೋಡಿ ಖುಷಿ ಪಡೋರು ಪ್ರವಾಸಕ್ಕೆ ಬಂದವರು. ನಿಮ್ಮ ಅಕ್ಕ ಹೂ ನೋಡಿ ನಗಬಾರದು.

ಕೊಟ್ಟಿಗೆಹಾರದವಳು

ಬೇಜಾರಾ? ಎರಡೂ ತಪ್ಪು ನನ್ನವೇ. ಆ ನವೆಂಬರ್ ನಾನು ಬೆಂಗಳೂರಲ್ಲಿದ್ದೆ. ಒಂಬತ್ತನೇ ಅಧ್ಯಾಯ ಪೂರ್ತಿ ಮತ್ತೆ ಬರೀತೀನಿ.

ಕಪ್ಪು ಕೋಟು, ಹಾಸನ

ಕಾದಂಬರಿಯ ಚಿಕ್ಕಪ್ಪನ ಬಗ್ಗೆ ಒಂದು ಮಾತು. ಅಮ್ಮ ತೀರಿದ ತಿಂಗಳಿಗೇ ಬಂದು "ತೋಟದಲ್ಲಿ ನನಗೂ ಪಾಲಿದೆ, ನೀನಿನ್ನೂ ಹುಡುಗಿ, ನಾನೇ ನೋಡ್ಕೋತೀನಿ" ಅಂತಾನೆ. ಅಕ್ಕ ಹೆದರಿ ಪಹಣಿ ಪತ್ರ ತೆಗೆದು ಅವನ ಕೈಗೆ ಕೊಡ್ತಾಳೆ. ಓದುವಾಗ ನನಗೆ ಎದ್ದು ಹೋಗಿ ಅವಳ ಕೈ ಹಿಡಿಯೋಣ ಅನ್ನಿಸಿತು.

ಆ ತೋಟ ಅಪ್ಪ ಸ್ವಂತವಾಗಿ ಕೊಂಡಿದ್ದು ಅಂತ ನೀವೇ ಮೂರನೇ ಅಧ್ಯಾಯದಲ್ಲಿ ಹೇಳಿದ್ದೀರಿ. ಹಾಗಿದ್ದಾಗ, ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಮ ಪಾಲು. ಹೆಣ್ಣು ಗಂಡು ಭೇದ ಇಲ್ಲ. ಇವರು ಇರುವಾಗ ತಮ್ಮನಿಗೆ, ಅಂದ್ರೆ ಆ ಚಿಕ್ಕಪ್ಪನಿಗೆ, ಒಂದು ಗುಂಟೆಯೂ ಬರಲ್ಲ. ಅಪ್ಪ ಹೋದಾಗ ಐದು ಪಾಲು: ಅಮ್ಮ, ಮೂವರು ಮಕ್ಕಳು, ಅಜ್ಜಿ. ಐದೆಕರೆ, ತಲೆಗೊಂದು ಎಕರೆ. ಅಮ್ಮ ಹೋದ ಮೇಲೆ ಅಮ್ಮನ ಎಕರೆ ಮೂವರು ಮಕ್ಕಳಿಗೆ ಹಂಚಿಹೋಗುತ್ತೆ, ಅತ್ತೆಗೆ ಬರಲ್ಲ. ಈಗ ಮಕ್ಕಳಿಗೆ ತಲಾ ಒಂದು ಎಕರೆ ಹದಿಮೂರು ಗುಂಟೆ ಚಿಲ್ಲರೆ, ಅಜ್ಜಿಗೆ ಒಂದು ಎಕರೆ.

ನಿಮ್ಮ ಕಥೆಗೆ ಬೇಕಾದ ನಿಜವಾದ ಭಯ ಇಲ್ಲಿದೆ ನೋಡಿ. ನಾಳೆ ಅಜ್ಜಿ ಉಯಿಲು ಬರೆಯದೆ ತೀರಿದರೆ ಆ ಒಂದು ಎಕರೆಯಲ್ಲಿ ಚಿಕ್ಕಪ್ಪನಿಗೂ ಪಾಲು ಬರುತ್ತೆ. ಅವನು ತೋಟದೊಳಗೆ ಕಾಲಿಡೋದಾದರೆ ಅಜ್ಜಿಯ ಮೂಲಕವೇ. ಅಜ್ಜಿಗೆ ಅವನೂ ಹೆತ್ತ ಮಗ. ಬಾಗಿಲಲ್ಲಿ ಕೂತ ಅಜ್ಜಿ ಎರಡು ಕಡೆ ನೋಡ್ತಾ ಇರ್ತಾರಲ್ಲ, ಅದನ್ನು ನೀವು ಬರೀಬಹುದು.

ಇನ್ನು ಅಕ್ಕ ತಮ್ಮ ತಂಗಿಗೆ ಕಾನೂನಿನ ಕಣ್ಣಲ್ಲಿ ಸಹಜ ಪೋಷಕಿ ಅಲ್ಲ. ಆ ಸ್ಥಾನ ಅಪ್ಪ ಅಮ್ಮನಿಗೆ ಮಾತ್ರ. ಅವಳು 1890ರ ಪೋಷಕರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಆದೇಶ ಸಿಕ್ಕ ಮೇಲೂ ಅಪ್ರಾಪ್ತರ ಪಾಲನ್ನು ಮಾರಬೇಕಾದರೆ ಕೋರ್ಟಿನ ಅನುಮತಿ ಬೇಕು. ಸಾಲದ ವಿಷಯಕ್ಕೂ ಹೇಳಿಬಿಡ್ತೀನಿ. ಅಪ್ಪನ ಬೆಳೆ ಸಾಲಕ್ಕೆ ಮಕ್ಕಳು ಹೊಣೆಯಾಗೋದು ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ತಮ್ಮ ಮುಂದಿನ ದುಡಿಮೆಯಿಂದ ತೀರಿಸಬೇಕು ಅಂತ ಯಾರೂ ಹೆದರಿಸೋ ಹಾಗಿಲ್ಲ. ಇದು ಗೊತ್ತಿಲ್ಲದೆ ಓದು ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೀನಿ.

ಅರಸೀಕೆರೆ ಜಂಕ್ಷನ್

ನಾನು ಇಲ್ಲಿ ಓದ್ತೀನಷ್ಟೆ, ಬರೆಯೋದು ಇದೇ ಮೊದಲು.

ನಮ್ಮದು ತೆಂಗಿನ ಸೀಮೆ. ಅಪ್ಪ ಹೋದಾಗ ನನಗೆ ಇಪ್ಪತ್ತು, ಅಮ್ಮ ಹೋದಾಗ ಇಪ್ಪತ್ತೊಂದು. ಕೆಳಗೆ ಇಬ್ಬರು ತಮ್ಮಂದಿರು. ಅಮ್ಮನ ತಿಥಿ ಊಟ ಮುಗಿದಿರಲಿಲ್ಲ, ಎಲೆ ಎತ್ತೋ ಹೊತ್ತಿಗೆ ನೆಂಟರಲ್ಲಿ ಮಾತು ಶುರುವಾಯ್ತು. ವರ್ಷದೊಳಗೆ ಹುಡುಗೀನ ಧಾರೆ ಎರೆದರೆ ಸತ್ತವರಿಗೆ ಪುಣ್ಯ, ಆಮೇಲೆ ಅಂದ್ರೆ ತಡ ಆಗುತ್ತೆ ಅಂತ. ನಾನು ಅಡುಗೆ ಮನೆಯಲ್ಲಿ ನಿಂತು ಕೇಳಿಸ್ಕೊಂಡೆ. ನನ್ನನ್ನು ಕೊಟ್ಟುಬಿಟ್ರೆ ಹುಡುಗರಿಗೆ ಮುದ್ದೆ ತೊಳಸೋರು ಯಾರು ಅಂತ ಅಷ್ಟೇ ನನ್ನ ತಲೆಗೆ ಬಂದಿದ್ದು. ಒಲ್ಲೆ ಅಂದೆ. ಮದುವೆ ಆಗಿದ್ದು ಮೂವತ್ತನಾಲ್ಕಕ್ಕೆ.

ಅಳು ಯಾವಾಗ ಬಂತು ಅಂತ ಕೇಳಿದ್ರಿ. ಸುಡೋ ದಿನ ಬರಲಿಲ್ಲ. ಹಾಲು ತುಪ್ಪದ ದಿನ ಬರಲಿಲ್ಲ. ಹನ್ನೊಂದನೇ ದಿನ ಎಲ್ಲರೂ ನನ್ನ ಮುಖ ನೋಡ್ತಿದ್ರು, ಅಳಲಿ ಅಂತ. ಗಟ್ಟಿಗಿತ್ತಿ ಅಂದ್ರು ಕೆಲವರು. ಕಲ್ಲು ಮನಸ್ಸು ಅಂದವರೂ ಇದ್ರು.

ನಾಲ್ಕು ತಿಂಗಳಾದ ಮೇಲೆ ಸೊಸೈಟಿಯಲ್ಲಿ ರೇಷನ್ ಕಾರ್ಡಿಂದ ಹೆಸರು ತೆಗೆಸಿದೆ. ನಾನೇ ಮರಣ ಪತ್ರದ ಜೆರಾಕ್ಸ್ ಕೊಟ್ಟೆ, ನಾನೇ ಸಹಿ ಹಾಕಿದೆ. ಮುಂದಿನ ತಿಂಗಳು ಅಕ್ಕಿ ತೂಕ ಹಾಕಿ ಕೊಟ್ಟಾಗ ಚೀಲ ಹಗುರ ಇತ್ತು. ಇಬ್ಬರ ಅಕ್ಕಿ ಇಲ್ಲ. ಆಗಲೂ ಅಳಲಿಲ್ಲ. ಚೀಲ ಸೊಂಟಕ್ಕೆ ಇಟ್ಕೊಂಡು ಹೊರಟೆ. ಸಾಲಲ್ಲಿ ನಿಂತಿದ್ದ ಒಬ್ಬ ಅಜ್ಜಿ, ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, "ಕೊಡು ಮಗ, ಗೇಟಿನ ತನಕ ನಾನ್ ಹಿಡ್ಕತೀನಿ" ಅಂದ್ರು. ಚೀಲ ಅವರ ಕೈಗೆ ಹೋಯ್ತು ನೋಡಿ. ನನ್ನ ಕೈ ಖಾಲಿ ಆಯ್ತು. ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ.

ಹಾಸ್ಟೆಲ್ ಹುಡುಗಿ

ಅಕ್ಕ, ಇದನ್ನು ಓದಿ ಲೈಬ್ರರಿಯಿಂದ ಎದ್ದು ಬಂದೆ.

ಸಕಲೇಶಪುರದ ತಮ್ಮ

ಕಾದಂಬರಿ ಬರೀತಿರೋ ಅಕ್ಕನಿಗೆ, ಬೇರೆ ಕಡೆಯಿಂದ ಒಂದು ಮಾತು. ನಾನು ಬೆಳೆಸಲ್ಪಟ್ಟವನು.

ನಿಮ್ಮ ಕಥೆಯಲ್ಲಿ ನಡುವಿನವನು ಒಳ್ಳೇ ಹುಡುಗ. ಬಾಳೆಹೊನ್ನೂರು ಕಡೆಯ ನವೋದಯದಲ್ಲಿ ಓದ್ತಾನೆ, ರಜಕ್ಕೆ ಬಂದಾಗ ಅಕ್ಕನ ಕೈ ಮುಟ್ಟಿ ನೋಡಿ ಎಷ್ಟು ಒರಟಾಗಿದೆ ಅಂತ ದುಃಖ ಪಡ್ತಾನೆ, ಚೆನ್ನಾಗಿ ಓದಿ ಅಕ್ಕನಿಗೆ ಸುಖ ಕೊಡ್ತೀನಿ ಅಂತ ಮನಸ್ಸಲ್ಲೇ ಅಂದ್ಕೋತಾನೆ. ಎಲ್ಲ ಸಿನಿಮಾದಲ್ಲೂ ತಮ್ಮಂದಿರು ಹೀಗೇ ಅಂದ್ಕೋತಾರೆ. ನಾನು ಅಂದ್ಕೊಂಡಿದ್ದು ಬೇರೆ.

ನಮ್ಮಕ್ಕ ಡಿಗ್ರಿ ಎರಡನೇ ವರ್ಷದಲ್ಲಿ ಬಿಟ್ಟಳು. ನನ್ನ ಫೀಸಿಗೆ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ, ಊರೆಲ್ಲ ಹೇಳ್ತು. ಬಸ್ ಸ್ಟ್ಯಾಂಡಲ್ಲಿ ಸಿಕ್ಕವರೆಲ್ಲ "ನಿಮ್ಮಕ್ಕ ನಿನಗೋಸ್ಕರ ಜೀವ ತೇಯ್ತಿದ್ದಾಳೆ, ನೆನಪಿಟ್ಕೋ" ಅನ್ನೋರು. ನನಗೆ ಹದಿನಾರು. ನನ್ನನ್ನು ಯಾರಾದ್ರೂ ಕೇಳಿದ್ರಾ, ನಿನಗೋಸ್ಕರ ಒಬ್ಬರು ಓದು ಬಿಡಲಾ ಅಂತ? ಪಿಯುಸಿಯಲ್ಲಿ ವಿಜ್ಞಾನ ತಗೊಂಡೆ, ಇಷ್ಟ ಇರಲಿಲ್ಲ. ಮೆಕ್ಯಾನಿಕ್ ಕೆಲಸ ಕಲೀಬೇಕು ಅಂತಿತ್ತು, ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮೋಟಾರು ಬಿಚ್ಚಿ ಜೋಡಿಸೋದು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ಅಕ್ಕ ಡಿಗ್ರಿ ಬಿಟ್ಟಿದ್ದು ಮೆಕ್ಯಾನಿಕ್ಕಿಗೋಸ್ಕರ ಅಂತ ಆಗಬಾರದಲ್ಲ. ಎರಡನೇ ಪಿಯುಸಿ ಫಿಸಿಕ್ಸ್ ಪರೀಕ್ಷೆಯಲ್ಲಿ ಬೇಕಂತಲೇ ಅರ್ಧ ಪೇಪರ್ ಖಾಲಿ ಬಿಟ್ಟೆ. ಅದನ್ನು ಇವತ್ತಿನವರೆಗೂ ಅಕ್ಕನಿಗೆ ಹೇಳಿಲ್ಲ. ಇಲ್ಲಿ ಬರೀತಿದ್ದೀನಿ.

ತ್ಯಾಗದ ಕಥೆಯನ್ನು ಯಾವಾಗಲೂ ತ್ಯಾಗ ಮಾಡಿದವರ ಕಡೆಯಿಂದ ಹೇಳ್ತಾರೆ. ಈ ಕಡೆಯಲ್ಲಿ ಕೂತವನಿಗೆ ತೀರದ ಸಾಲ. ಅವನ ಮೇಲೂ ಒಂದು ಅಧ್ಯಾಯ ಬರೀರಿ.

ಕಣದ ಕಾವಲು

ತಮ್ಮಾ, ನಿನ್ನ ಮಾತು ಅರ್ಥ ಆಗುತ್ತೆ. ಆದ್ರೂ ನಂಗೆ ಒಪ್ಪಿಗೆ ಇಲ್ಲ. ಈಗಿನವರು ಕರ್ತವ್ಯ ಅಂದ ತಕ್ಷಣ ಹೊರೆ ಅಂತಲೇ ಮಾತಾಡ್ತಾರೆ. ನಾನೂ ಹಿರೀಮಗ. ಅಪ್ಪ ಹೋದಾಗ ಇಪ್ಪತ್ಮೂರು, ಕೆಳಗೆ ನಾಲ್ಕು ಜನ. ತೋಟ ಇರದೇ ಇದ್ದಿದ್ರೆ ನಾನು ಏನಾಗ್ತಿದ್ದೆನೋ. ಬೆಳಗ್ಗೆ ಏಳು ಗಂಟೆಗೆ ಆಳುಗಳು ಬಂದು ಅಂಗಳದಲ್ಲಿ ನಿಲ್ತಾರೆ, ಇವತ್ತು ಏನು ಕೆಲಸ ಅಂತ ಕೇಳ್ತಾರೆ. ಉತ್ತರ ಕೊಡಬೇಕು. ನೆರಳಿನ ಮರ ಸವರೋ ಮರಗಸಿಯೋ, ಕಾಫಿ ಗಿಡ ಸವರೋ ಗಿಡಗಸಿಯೋ, ಕಳೆಯೋ. ಉತ್ತರ ಕೊಡೋಕೆ ಎದ್ದೇಳಬೇಕು. ಹಾಗೆ ಎದ್ದೆದ್ದೇ ಎರಡು ವರ್ಷ ಕಳೀತು. ನನ್ನನ್ನು ಉಳಿಸಿದ್ದು ಆ ಹೊರೆಯೇ.

ಸಕಲೇಶಪುರದ ತಮ್ಮ

ಅಣ್ಣ, ನಿಮ್ಮನ್ನು ಉಳಿಸಿತು, ಸರಿ. ನಿಮ್ಮ ತಮ್ಮಂದಿರನ್ನು ಕೇಳಿದ್ದೀರಾ ಯಾವತ್ತಾದ್ರೂ?

ಕಣದ ಕಾವಲು

ಇಲ್ಲ. ಕೇಳಿಲ್ಲ.

ಹಾಸ್ಟೆಲ್ ಹುಡುಗಿ

ನಾನೂ ಅಂಥ ಮನೆಯ ಕೊನೇ ಮಗು. ಚಿಕ್ಕವಳ ಬಗ್ಗೆ ಹೇಳ್ತೀನಿ, ಅವಳನ್ನು ನೀವು ಬರೀ ಮುದ್ದಾಗಿ ಇಟ್ಟಿದ್ದೀರಿ.

ನಮ್ಮನೆಯಲ್ಲಿ ಅಣ್ಣ ದೊಡ್ಡವನು. ಅಪ್ಪ ಅಮ್ಮ ಹೋದಾಗ ಅವನಿಗೆ ಇಪ್ಪತ್ತೆರಡು, ನನಗೆ ಹತ್ತು. ಮೊದಲು ಅವನು ನನ್ನನ್ನು ಹೆಗಲ ಮೇಲೆ ಕೂರಿಸ್ಕೊಂಡು ಕೆರೆ ಏರಿ ಮೇಲೆ ಓಡ್ತಿದ್ದ. ಕ್ರಿಕೆಟ್ ಕಾಮೆಂಟರಿ ಥರ ಮಾತಾಡಿ ನಗಿಸ್ತಿದ್ದ. ಅಮ್ಮ ಹೋದ ಮೇಲೆ ಒಂದು ದಿನ "ಇಷ್ಟೊತ್ತಾದ್ರೂ ಟಿವಿ ನೋಡ್ತಿದ್ಯಾ, ಏಳು" ಅಂತ ಗದರಿದ. ಅಪ್ಪನ ಧ್ವನಿ. ಅಪ್ಪನ ಥರಾನೇ ಕೈ ಸೊಂಟದ ಮೇಲೆ. ಆವತ್ತಿಂದ ಅವನು ಅಪ್ಪನೇ. ಹೆಗಲ ಮೇಲೆ ಕೂರಿಸ್ಕೊಂಡಿದ್ದವನು ಮತ್ತೆ ಬರಲಿಲ್ಲ. ಅಪ್ಪ ಹೋದರು ಅಂತ ಎಲ್ಲರಿಗೂ ಗೊತ್ತಿತ್ತು. ಅಣ್ಣನೂ ಹೋದ ಅಂತ ನನಗೊಬ್ಬಳಿಗೇ ಗೊತ್ತಿದ್ದಿದ್ದು. ಅದನ್ನು ಯಾರಿಗೆ ಹೇಳೋದು?

ಅವನ ಮೇಲೆ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ಊಟ ಬಿಡ್ತಿದ್ದೆ. ಅವನು ಹಾಕಿದ ಜಡೆ ಬಿಚ್ಚಿ ಎಸೀತಿದ್ದೆ. ನಿಮ್ಮ ಚಿಕ್ಕವಳು ಒಂದು ಸಲವೂ ಸಿಟ್ಟಾಗಲ್ಲ. ಒಂಬತ್ತು ವರ್ಷದ ಮಗು ಹಾಗಿರಲ್ಲ ಅಕ್ಕ.

ಆಪ್ತಮಾತು, ಚಿಕ್ಕಮಗಳೂರು

ಮಕ್ಕಳ ಜೊತೆ ಆಪ್ತಸಮಾಲೋಚನೆ ಮಾಡೋದು ನನ್ನ ಕೆಲಸ. ಈ ಹುಡುಗಿ ಬರೆದಿದ್ದು ನೂರಕ್ಕೆ ನೂರು ನಿಜ. ಮಕ್ಕಳ ದುಃಖ ದೊಡ್ಡವರ ಹಾಗೆ ಒಂದೇ ಸಮನೆ ಇರಲ್ಲ. ಹತ್ತು ನಿಮಿಷ ಅತ್ತು ಹನ್ನೊಂದನೇ ನಿಮಿಷಕ್ಕೆ ಕುಂಟಾಬಿಲ್ಲೆ ಆಡೋಕೆ ಹೋಗ್ತಾರೆ. ಅದನ್ನು ನೋಡಿ ದೊಡ್ಡವರು "ಪಾಪ, ಅದಕ್ಕೇನೂ ತಿಳಿಯಲ್ಲ" ಅಂತ ಸಮಾಧಾನ ಪಡ್ತಾರೆ. ಅದಕ್ಕೆ ತಿಳಿಯುತ್ತೆ. ಹೊಟ್ಟೆನೋವು ಅಂತ ಶಾಲೆ ತಪ್ಪಿಸೋದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಮತ್ತೆ ಬರೋದು, ಅಕ್ಕ ಬಾವಿ ಕಡೆ ಹೋದರೂ ಹಿಂದೆ ಹಿಂದೆ ಹೋಗೋದು, ಇವೆಲ್ಲ ಅದರ ಮಾತು. ಇಬ್ಬರು ಹೋದರು ಅಂದ್ರೆ ಮೂರನೆಯವರೂ ಹೋಗಬಹುದು ಅನ್ನೋದು ಆ ಮಗುವಿನ ಲೆಕ್ಕ.

2021ರಲ್ಲಿ ಹೋದವರ ಮನೆಗಳಲ್ಲಿ ಇನ್ನೊಂದು ಗಾಯ ಇದೆ. ಮುಖ ನೋಡಲಿಲ್ಲ. ಆಸ್ಪತ್ರೆಯಿಂದ ಕಟ್ಟಿದ ದೇಹ, ದೂರದಿಂದ ನಮಸ್ಕಾರ, ಲಾಕ್‌ಡೌನಲ್ಲಿ ನೆಂಟರಿಲ್ಲದ ಹನ್ನೊಂದನೇ ದಿನ. ನಮ್ಮಲ್ಲಿ ಸಾವಿನ ಕೆಲಸಗಳೆಲ್ಲ ಕೈಯಿಂದ ಮಾಡೋವು, ಮೀಯಿಸೋದು, ಬಾಯಿಗೆ ನೀರು ಬಿಡೋದು, ಹಾಲು ತುಪ್ಪ. ಅದ್ಯಾವುದೂ ಆಗದೇ ಇದ್ದ ಮನೆಯಲ್ಲಿ ಮಕ್ಕಳು ಅಮ್ಮ ಎಲ್ಲೋ ಆಸ್ಪತ್ರೆಯಲ್ಲೇ ಇದ್ದಾಳೆ ಅಂತ ಎಷ್ಟೋ ಕಾಲ ನಂಬಿದ್ದನ್ನು ಕಂಡಿದ್ದೀನಿ. ಆ ವರ್ಷ ಅಕ್ಟೋಬರಿನಲ್ಲಿ ಬಂದ ಮಹಾಲಯ ಅಮಾವಾಸ್ಯೆ ನಿಮ್ಮ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಎಡೆಗೆ ಅಮ್ಮನ ಸೀರೆ ಮಡಿಸಿ ಇಡುವಾಗ ಆ ಮನೆಯಲ್ಲಿ ಏನಾಯ್ತು ಅಂತ ಯೋಚನೆ ಮಾಡಿ.

ಅಕ್ಕನ ಅಳುವಿನ ಬಗ್ಗೆ ಅರಸೀಕೆರೆಯವರು ಹೇಳಿದ್ದಕ್ಕಿಂತ ಹೆಚ್ಚಿಗೆ ನನಗೆ ಹೇಳೋಕೆ ಬರಲ್ಲ. ಕೈಯಲ್ಲಿ ಹೊರೆ ಇರೋವರೆಗೂ ಅದು ಬರಲ್ಲ.

ಈ ಮಾತು ಓದ್ತಾ ಯಾರಿಗಾದರೂ ಎದೆ ಭಾರ ಆಗಿದ್ದರೆ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳಿಗೆ 1098.

ನಿವೃತ್ತ ಮೇಷ್ಟ್ರು, ಬೇಲೂರು

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು.

ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ. ಪ್ರಗತಿ ಪತ್ರಕ್ಕೆ ಪೋಷಕರ ಸಹಿ ಹಾಕಿಸಿಕೊಂಡು ಬಾ ಎಂದೆ. ತಂದ. ಸಹಿ ದುಂಡು ದುಂಡಾದ ಎಳೆ ಅಕ್ಷರದಲ್ಲಿತ್ತು. ಇವನೇ ಹಾಕಿಕೊಂಡಿದ್ದಾನೆ ಎಂದು ಎಲ್ಲರೆದುರು ನಿಲ್ಲಿಸಿ ಬೈದೆ. ಅವನು ಒಂದು ಮಾತೂ ಆಡಲಿಲ್ಲ. ಮರುದಿನ ಹದಿನೆಂಟರ ಆಸುಪಾಸಿನ ಹೆಣ್ಣುಮಗಳೊಬ್ಬಳು ಶಾಲೆಯ ಬಾಗಿಲಿಗೆ ಬಂದು ನಿಂತಳು. "ಸರ್, ಅದು ನನ್ನ ಸಹಿ. ಇನ್ಮೇಲೆ ನಾನೇ ಹಾಕೋದು" ಎಂದಳು. ಸೆರಗಿನಿಂದ ಬೆವರು ಒರೆಸಿಕೊಂಡು, ಕೆಲಸಕ್ಕೆ ಹೊತ್ತಾಯ್ತು ಎಂದು ಹೊರಟುಹೋದಳು. ನಾನು ಆ ಹುಡುಗನ ಕ್ಷಮೆ ಕೇಳಲಿಲ್ಲ. ಮೇಷ್ಟ್ರು ಹುಡುಗನ ಕ್ಷಮೆ ಕೇಳುವ ಕಾಲ ಅದಾಗಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಉತ್ತರವಲ್ಲ.

ತಬ್ಬಲಿ, ಪರದೇಶಿ, ದಿಕ್ಕಿಲ್ಲದವರು, ಎಷ್ಟು ಪದ ಇಟ್ಟುಕೊಂಡಿದ್ದೇವೆ ಈ ಮಕ್ಕಳಿಗೆ! "ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ" ಎಂಬ ಗಾದೆಯೂ ಉಂಟು. ತಾಯ ಹಾಗೆ ನಿಂತ ಹದಿನೆಂಟರ ಅಕ್ಕನಿಗೆ ಮಾತ್ರ ಅಕ್ಕ ಎನ್ನುವುದಕ್ಕಿಂತ ಬೇರೆ ಪದ ನನ್ನ ಕನ್ನಡದಲ್ಲಿ ಸಿಗುತ್ತಿಲ್ಲ. ಬಹುಶಃ ಬೇಕಾಗಿಯೂ ಇಲ್ಲ.

ಒಂದೇ ಸಲಹೆ. ನಿಮ್ಮ ಅಕ್ಕನನ್ನು ದೇವತೆ ಮಾಡಬೇಡಿ. ಅವಳು ಸುಳ್ಳು ಹೇಳಲಿ, ಒಂದು ದಿನ ಚಿಕ್ಕವಳಿಗೆ ಹೊಡೆಯಲಿ, ಹೊಸ ಚೂಡಿದಾರಕ್ಕೆ ಆಸೆಪಟ್ಟು ಆಳಿನ ಸಂಬಳದ ದುಡ್ಡಿಂದ ತೆಗೆದುಕೊಂಡು ರಾತ್ರಿಯೆಲ್ಲ ಒದ್ದಾಡಲಿ.

ಕಪ್ಪು ಕೋಟು, ಹಾಸನ

ಒಂದು ಸೇರಿಸೋಕೆ ಮರೆತಿದ್ದೆ. 2021ರಲ್ಲಿ ಕೊರೊನಾದಿಂದ ಅನಾಥರಾದ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ, ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ ಅಂತ ಬಂತು. ಉಳಿದಿದ್ದ ಒಬ್ಬ ಹೆತ್ತವರನ್ನು ಕೊರೊನಾದಲ್ಲಿ ಕಳೆದುಕೊಂಡವರಿಗೂ ಕೇಂದ್ರದ್ದು ಅನ್ವಯಿಸ್ತಿತ್ತು, ಹಾಗಾಗಿ ನಿಮ್ಮ ಕಥೆಯ ಮಕ್ಕಳು ಅದರೊಳಗೆ ಬರ್ತಾರೆ. ಆದರೆ ಅದು ಇದ್ದಿದ್ದು 18 ತುಂಬದವರಿಗೆ. ತಮ್ಮ ತಂಗಿ ಇಬ್ಬರ ಅರ್ಜಿಯನ್ನೂ ಅಕ್ಕನೇ ತುಂಬಿಸಿ, ಅಂಟಿಸಿ, ಸಾಲಲ್ಲಿ ನಿಂತು ಕೊಡ್ತಾಳೆ. ಅವಳಿಗೆ 19. ಪಟ್ಟಿಯಲ್ಲಿ ಅವಳು ಅನಾಥೆ ಅಲ್ಲ.

ಅರಸೀಕೆರೆ ಜಂಕ್ಷನ್

ಪಟ್ಟಿಯಲ್ಲಿ ಅವಳು ಅನಾಥೆ ಅಲ್ಲ. ಈ ಸಾಲು ಎರಡು ದಿನದಿಂದ ತಲೆಯಲ್ಲಿದೆ.

ಸಕಲೇಶಪುರದ ತಮ್ಮನಿಗೆ ಒಂದು ಕೇಳಬೇಕು. ನನ್ನ ದೊಡ್ಡ ತಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಕಷ್ಟಪಟ್ಟು ಸಾಕಿದ್ದಕ್ಕೆ ಹಿಂಗಾ ಅಂತ ಎಷ್ಟೋ ಸಲ ನೊಂದ್ಕೊಂಡಿದ್ದೀನಿ. ನೀನು ಬರೆದಿದ್ದು ಓದಿದ ಮೇಲೆ, ನಾನು ಅವನಿಗೆ ಏನೇನು ಅಂದಿದ್ದೆ ಅಂತ ಒಂದೊಂದೇ ನೆನಪಾಗ್ತಿದೆ. "ನಿಮಗೋಸ್ಕರ" ಅನ್ನೋ ಮಾತು ಬಹಳ ಸಲ ಬಂದಿದೆ ನನ್ನ ಬಾಯಲ್ಲಿ. ಅವನಿಗೆ ಈಗ ನಾನು ಏನು ಹೇಳಿದ್ರೆ ಹಗುರ ಆಗುತ್ತೆ?

ಸಕಲೇಶಪುರದ ತಮ್ಮ

ಅಕ್ಕ, ಏನೂ ಹೇಳಬೇಡಿ. ಅವನ ಹತ್ರ ಏನಾದ್ರೂ ಕೇಳಿ. ದುಡ್ಡಾದ್ರೂ ಸರಿ, ಸಣ್ಣ ಕೆಲಸ ಆದ್ರೂ ಸರಿ. ಮನೆ ಮೋಟಾರು ಕೆಟ್ಟಿದೆ ಬಾ ಅನ್ನಿ. ಹನ್ನೊಂದು ವರ್ಷ ನಮ್ಮಕ್ಕ ನನ್ನ ಹತ್ರ ಒಂದು ಲೋಟ ನೀರು ಕೂಡ ಕೇಳಲಿಲ್ಲ. ಕೇಳಿದ್ರೆ ಎದ್ದು ತಂದುಕೊಡೋಕೆ ನಾನು ಬಾಗಿಲಲ್ಲೇ ನಿಂತಿದ್ದೆ.

ಕೊಟ್ಟಿಗೆಹಾರದವಳು

ಐದು ದಿನ ಆಯ್ತು ನಾನು ಇಲ್ಲಿ ಬರೆದು. ನಿಮ್ಮೆಲ್ಲರ ಮಾತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರ್ಕೊಂಡೆ.

ಸೊಸೈಟಿಯ ಚೀಲವನ್ನು ನಾನು ಮುಟ್ಟಲ್ಲ. ಅದು ಅರಸೀಕೆರೆಯ ಅಕ್ಕನದು. ಕಣದ ಅಳುವನ್ನು ತೆಗೆದುಹಾಕಿದೆ. ವರ್ಷಾಂತಿಕದ ದಿನವನ್ನೂ ತೆಗೆದೆ. ನಿನ್ನೆ ರಾತ್ರಿ ಇದು ಬಂತು. ಕರಡು, ಹಾಗೇ ಹಾಕ್ತಿದ್ದೀನಿ:

ಜನವರಿಯ ಶನಿವಾರ, ಕೂಲಿ ಬಟವಾಡೆ. ಜಗಲಿಯ ಮೇಲೆ ಹಾಜರಿ ಪುಸ್ತಕ. ಹಿಂದಿನ ಪುಟಗಳು ಅಪ್ಪನ ಓರೆ ಅಕ್ಷರ. ಅದಾದ ಮೇಲೆ ಅಮ್ಮನದು, 2021ರ ಏಪ್ರಿಲ್ ಕೊನೆಯ ವಾರದವರೆಗೆ. ಅಲ್ಲಿಂದ ಎರಡು ವಾರ ಖಾಲಿ. ಆಮೇಲೆ ಅಕ್ಕನ ಅಕ್ಷರ, ಒಂದು ಶನಿವಾರವೂ ಬಿಟ್ಟಿಲ್ಲ. ಅಂಗಳದಲ್ಲಿ ಆಳುಗಳು ಸಾಲಾಗಿ ನಿಂತಿದ್ದಾರೆ. ಅಕ್ಕ ಕೊಯ್ಲಿನ ಕೆಜಿ ಲೆಕ್ಕ ಕೂಡಿಸ್ತಾ ಇದ್ದಾಳೆ, ಮೂರನೇ ಸಲ ತಪ್ಪಿದೆ. ರಜಕ್ಕೆ ಬಂದ ನಡುವಿನವನು ಪಕ್ಕದಲ್ಲಿ ಬಂದು ಕೂರ್ತಾನೆ. "ಕೊಡಕ್ಕ ಇಲ್ಲಿ" ಅಂತಾನೆ. ಅವಳು ಕೊಡಲ್ಲ. ಅವನು ಪೆನ್ನನ್ನು ಅವಳ ಬೆರಳಿನಿಂದ ಮೆಲ್ಲಗೆ ಬಿಡಿಸಿಕೊಳ್ತಾನೆ. ಒಬ್ಬೊಬ್ಬರ ಹೆಸರು ಕರೆದು ಬರೆಯೋಕೆ ಶುರು ಮಾಡ್ತಾನೆ. ಅಕ್ಕ ತನ್ನ ಕೈ ನೋಡ್ಕೋತಾಳೆ. ಏನು ಮಾಡಬೇಕು ಅಂತ ಅದಕ್ಕೆ ಗೊತ್ತಿಲ್ಲ. ಎದ್ದು ಒಳಗೆ ಹೋಗ್ತಾಳೆ. ಹಂಡೆ ಒಲೆಯ ಮುಂದೆ ಕೂತಿದ್ದ ಚಿಕ್ಕವಳು ತಿರುಗಿ ನೋಡಿ, ಮೊದಲ ಸಲ, ಅವಳ ಹಿಂದೆ ಓಡಲ್ಲ. ಜರುಗಿ ಜಾಗ ಬಿಡ್ತಾಳೆ.

ಇಷ್ಟೇ. ಅಳು ಅಂತ ಪದ ಬರೆದಿಲ್ಲ.

ಕಣದ ಕಾವಲು

ಮೂರು ಸಲ ಓದಿದೆ. ತೋಟದ ತಪ್ಪು ಹುಡುಕೋಕೆ ಅಂತ ಶುರು ಮಾಡಿದ್ದು. ಒಂದೇ ಇದೆ. ಆ ಜನವರಿಗೆ ನೆಲಕ್ಕೆ ಬಿದ್ದ ಹಣ್ಣು ಹೆಕ್ಕಿಸೋ ಕೆಲಸವೇ ಜಾಸ್ತಿ ಇತ್ತು, ಅದು ಕೆಜಿ ಲೆಕ್ಕ ಅಲ್ಲ, ದಿನಗೂಲಿ. ಅದಷ್ಟು ತಿದ್ದಿ.

ನನ್ನ ಮೂರನೇ ತಮ್ಮನಿಗೆ ಫೋನ್ ಮಾಡಿದ್ದೆ. ಏನಿಲ್ಲ ಸುಮ್ನೆ ಅಂದೆ. ಅರ್ಧ ಗಂಟೆ ಮಾತಾಡಿದ.

ನಿವೃತ್ತ ಮೇಷ್ಟ್ರು, ಬೇಲೂರು

ಖಾಲಿ ಬಿಟ್ಟ ಎರಡು ವಾರ. ಅದರ ಮುಂದೆ ಬೇರೆ ಯಾವ ವರ್ಣನೆಯೂ ಬೇಡಮ್ಮ. ತಿದ್ದಬೇಡಿ.

ಹಾಸ್ಟೆಲ್ ಹುಡುಗಿ

ಜರುಗಿ ಜಾಗ ಬಿಟ್ಟಳು ಅನ್ನೋದು ಸರಿ. ಆದರೆ ಅದಕ್ಕೂ ಮುಂಚೆ ಎಲ್ಲೋ ಒಂದು ಕಡೆ ಅವಳು ಜಡೆ ಬಿಚ್ಚಿ ಎಸೀಬೇಕು. ಎಸೆದವಳೇ ಜಾಗ ಬಿಡೋದು.

ಸಕಲೇಶಪುರದ ತಮ್ಮ

ಇದನ್ನು ನಮ್ಮಕ್ಕನಿಗೆ ಕಳಿಸಲಾ? ಅವಳು ಕಾದಂಬರಿ ಓದಲ್ಲ. ಆದ್ರೂ ನೀವು ಇಲ್ಲಿಯವರೆಗೆ ಬರೆದಿದ್ದೆಲ್ಲ ಕಳಿಸೋಣ ಅಂತ. ಫಿಸಿಕ್ಸ್ ಪೇಪರಿನ ವಿಷಯ ನಾನೇ ಬಾಯಲ್ಲಿ ಹೇಳ್ತೀನಿ, ಮೊದಲು ಅವಳು ಇದನ್ನು ಓದಲಿ.

ಕೊಟ್ಟಿಗೆಹಾರದವಳು

ಕಳಿಸಿ. ಒಂಬತ್ತನೇ ಅಧ್ಯಾಯ ಮಾತ್ರ ಈಗ ಬೇಡ, ಅದರಲ್ಲಿ ಇನ್ನೂ ಬಿಸಿಲಿದೆ. ಭಾನುವಾರದೊಳಗೆ ಮಳೆ ಹಾಕಿ ಕೊಡ್ತೀನಿ.